ಉಂಡ ಮನೆಯ ಜಂತೆ ಎಣಿಸುವವರು

ಹೋದ ತಿಂಗಳು ಅಕ್ಕನ ಮಗ ಫೋನ್ ಮಾಡಿದ್ದ. ಕೊಪ್ಪಳ ಜಿಲ್ಲೆಯ ಒಂದು ಗ್ರಾಮ ಪಂಚಾಯಿತಿಯಲ್ಲಿ ಅವನು ಡಾಟಾ ಎಂಟ್ರಿ ಆಪರೇಟರ್. "ಮಾವ, ಒಂದ ಚರಂಡಿಗೆ ಎರಡು ಸಲ ಬಿಲ್ ಆಗೇತಿ. ಕಾಮಗಾರಿ ಹೆಸರು ಅಷ್ಟ ಬ್ಯಾರೆ ಬರೆದಾರ. ಏನ್ ಮಾಡ್ಲಿ?" ಅಂದ. ನಾನು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಅಕ್ಕನ ದನಿ ಕೇಳಿಸಿತು. "ಅವನಿಗೆ ಏನರ ಹೇಳಿ ಕೆಡಿಸಬ್ಯಾಡಪ್ಪ, ಊರ ಉಸಾಬರಿ ನಮಗ್ಯಾಕ!"

ಅಕ್ಕನದು ತಪ್ಪಲ್ಲ. ಅವಳ ಭಯಕ್ಕೆ ಕಾರಣ ಇದೆ, ಅದಕ್ಕೆ ಆಮೇಲೆ ಬರುತ್ತೇನೆ. ಆದರೆ ಹುಡುಗ ಕೇಳಿದ್ದು ಸಣ್ಣ ಪ್ರಶ್ನೆ ಅಲ್ಲ. ಸರ್ಕಾರದ ಒಳಗೆ ಕೂತವನಿಗೆ ಕಳ್ಳತನ ಕಣ್ಣಿಗೆ ಬಿದ್ದರೆ ಅವನು ಯಾರಿಗೆ ಹೇಳಬೇಕು, ಹೇಳಿದರೆ ಏನಾಗುತ್ತದೆ, ಅವನನ್ನು ಯಾರು ಕಾಯುತ್ತಾರೆ? ಇಂಥವರಿಗೆ ಪೇಪರಿನವರು ವಿಷಲ್ ಬ್ಲೋವರ್ ಅನ್ನುತ್ತಾರೆ. ಸೀಟಿ ಊದುವವರು ಅಂತ. ನಮ್ಮ ಕಡೆ ಇವರಿಗೆ ಒಳ್ಳೆಯ ಹೆಸರೇ ಇಲ್ಲ ನೋಡಿ. ಚಾಡಿಕೋರ, ಮನೆಮುರುಕ, ಅದಕ್ಕಿಂತ ಚುಚ್ಚುವ ಹಾಗೆ ಹೇಳಬೇಕಾದರೆ ಉಂಡ ಮನೆಯ ಜಂತೆ ಎಣಿಸುವವನು. ಆದರೆ ಪಂಚಾಯಿತಿ ಆಪರೇಟರ್ ಉಂಡದ್ದು ಯಾರ ಮನೆಯಲ್ಲಿ? ಪಿಡಿಒ ಮನೆಯಲ್ಲಲ್ಲ, ಗುತ್ತಿಗೆದಾರನ ಮನೆಯಲ್ಲಂತೂ ಅಲ್ಲ. ಜನ ಕಟ್ಟಿದ ತೆರಿಗೆಯಲ್ಲಿ. ಆ ಮನೆಯ ಜಂತೆಯನ್ನು ಯಾರಾದರೂ ಎಣಿಸಲೇಬೇಕು, ಅಲ್ವಾ? ಇಲ್ಲದಿದ್ದರೆ ಒಂದೊಂದೇ ಜಂತೆ ಕಾಣೆಯಾಗುತ್ತದೆ.

ಇದನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ. 2008–09ರಲ್ಲಿ ಸಂಡೂರು ಕಡೆಯ ಒಂದು ವೇಬ್ರಿಡ್ಜ್‌ನಲ್ಲಿ ಹತ್ತು ತಿಂಗಳು ಚೀಟಿ ಬರೆದವನು ನಾನು. ನಮ್ಮ ಬಾಯಲ್ಲಿ ಅದು ಕಾಟಾ. ಅದಿರು ತುಂಬಿದ ಲಾರಿ ಬಂದು ಕಾಟಾ ಮೇಲೆ ನಿಲ್ಲುತ್ತದೆ, ಕೆಂಪು ಧೂಳು ಕಿಟಕಿಯಿಂದ ಒಳಗೆ ಬಂದು ನನ್ನ ಅಂಗಿ, ಟೀ, ಪುಸ್ತಕ ಎಲ್ಲದರ ಮೇಲೂ ಕೂರುತ್ತದೆ, ಮಷೀನು ಒಂದು ತೂಕ ತೋರಿಸುತ್ತದೆ, ನಾನು ಇನ್ನೊಂದು ತೂಕ ಬರೆಯುತ್ತೇನೆ. ಎರಡು ಪುಸ್ತಕ ಇರುತ್ತಿದ್ದವು. ಒಂದು ಸಾಹುಕಾರರಿಗೆ, ಇನ್ನೊಂದು ಯಾರಾದರೂ ಬಂದು ಕೇಳಿದರೆ ತೋರಿಸುವುದಕ್ಕೆ. ಒಂದೇ ಪರ್ಮಿಟ್ ಹಿಡಿದು ಅದೇ ಲಾರಿ ಸಂಜೆಯೊಳಗೆ ಮೂರು ಸಲ ಬಂದದ್ದನ್ನು ನಾನೇ ನೋಡಿದ್ದೇನೆ. ನಾನು ಯಾರಿಗೂ ಹೇಳಲಿಲ್ಲ. ಇಪ್ಪತ್ತಮೂರು ವರ್ಷ ವಯಸ್ಸು, ಮನೆಯಲ್ಲಿ ಸಾಲ, ಸುಮ್ನೆ ಇದ್ದೆ.

ಆದರೆ ಆ ಎರಡು ಪುಸ್ತಕದಿಂದ ನಾನು ಕಲಿತ ಪಾಠ ಇಲ್ಲಿ ಕೆಲಸಕ್ಕೆ ಬರುತ್ತದೆ. ಸರ್ಕಾರವನ್ನು ಲೆಕ್ಕ ಕೇಳುವವರು ಬೇಕಾದಷ್ಟು ಜನ ಇದ್ದಾರೆ. ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿ ಇದೆ, ವಿಧಾನಸಭೆ ಇದೆ, ಲೋಕಾಯುಕ್ತ ಇದೆ, ಕೋರ್ಟ್ ಇದೆ. ಇವರೆಲ್ಲರಿಗೂ ಮೊದಲು ಕಾಣುವುದು ಕಾಗದ. ತೋರಿಸಲೆಂದೇ ಬರೆದ ಪುಸ್ತಕ ಯಾವಾಗಲೂ ಚೊಕ್ಕವಾಗಿರುತ್ತದೆ, ನಾನೇ ಚೊಕ್ಕವಾಗಿ ಬರೆಯುತ್ತಿದ್ದೆ! ಇನ್ನೊಂದು ಪುಸ್ತಕ ಇದೆ ಅನ್ನುವುದು ಗೊತ್ತಿರುವುದು ಒಳಗೆ ಕೂತವನಿಗೆ ಮಾತ್ರ. ಆಡಿಟರ್ ಎಷ್ಟೇ ಜಾಣ ಆಗಿರಲಿ, ಇಲ್ಲದ ಚರಂಡಿಗೆ ಬಿಲ್ಲು, ಫೋಟೋ, ಕೆಲಸದ ಅಳತೆ ಬರೆಯುವ ಎಂಬಿ ಪುಸ್ತಕ ಮೂರೂ ಸರಿಯಾಗಿ ಇಟ್ಟರೆ ಅವನು ಚರಂಡಿ ಹುಡುಕಿಕೊಂಡು ಓಣಿಗೆ ಬರುವುದಿಲ್ಲ. ಒಳಗಿನವನು ಬಾಯಿ ಬಿಟ್ಟಾಗ ಮಾತ್ರ ಅವನಿಗೆ ಎಲ್ಲಿ ಅಗೆಯಬೇಕು ಅಂತ ತಿಳಿಯುತ್ತದೆ.

ಬಳ್ಳಾರಿ ಗಣಿ ಕಥೆ ಎಲ್ಲರಿಗೂ ಗೊತ್ತು ಅಂದುಕೊಳ್ಳುತ್ತೇವೆ. ಗಣಿಧಣಿಗಳು, ಹೆಲಿಕಾಪ್ಟರ್, ಪಾದಯಾತ್ರೆ ಇಷ್ಟೇ ನೆನಪಿರುತ್ತದೆ. ಅದನ್ನು ಬಯಲಿಗೆ ತಂದದ್ದು ಹೇಗೆ ಅನ್ನುವುದನ್ನು ಕೇಳಿದರೆ ಜಾಸ್ತಿ ಜನ ತಡಕಾಡುತ್ತಾರೆ. 2007ರಲ್ಲಿ ರಾಜ್ಯ ಸರ್ಕಾರವೇ ಗಣಿಗಾರಿಕೆಯ ತನಿಖೆಯನ್ನು ಲೋಕಾಯುಕ್ತಕ್ಕೆ ಒಪ್ಪಿಸಿತು. ಲೋಕಾಯುಕ್ತ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆ 2008ರ ಡಿಸೆಂಬರ್‌ನಲ್ಲಿ ಮೊದಲ ವರದಿ ಕೊಟ್ಟರು. ಅರಣ್ಯ ಅಧಿಕಾರಿ ಯು.ವಿ. ಸಿಂಗ್ ಮತ್ತು ಅವರ ತಂಡ ಗಡಿ, ರಸ್ತೆ, ಬಂದರು ಎಲ್ಲ ಸುತ್ತಿ ಲೆಕ್ಕ ಹಾಕಿತು. 2011ರ ಜುಲೈ 27ರಂದು ಎರಡನೇ ವರದಿ ಬಂತು. 2006ರಿಂದ 2010ರವರೆಗೆ ಬೊಕ್ಕಸಕ್ಕೆ ಆದ ನಷ್ಟ 16,085 ಕೋಟಿ ರೂಪಾಯಿ ಅಂತ ಅದರಲ್ಲಿತ್ತು. ಪರ್ಮಿಟ್ ಇಲ್ಲದ ಅದಿರನ್ನು ಯಾರೂ ತಡೆಯದ ಹಾಗೆ ಬಂದರಿನವರೆಗೆ ಮುಟ್ಟಿಸುವ ಏರ್ಪಾಡಿಗೆ 'ಜೀರೋ ರಿಸ್ಕ್' ಅನ್ನುವ ಹೆಸರಿತ್ತಂತೆ. ಆ ಹೆಸರು ಓದಿ ನಗು ಬಂತು, ಆಮೇಲೆ ನನ್ನ ಕಾಟಾ ಚೀಟಿಗಳು ನೆನಪಾಗಿ ನಗು ನಿಂತಿತು. ವರದಿ ಬಂದ ನಾಲ್ಕೇ ದಿನಕ್ಕೆ, ಜುಲೈ 31ಕ್ಕೆ, ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ರಾಜೀನಾಮೆ ಕೊಟ್ಟರು.

ಇದರ ಪಕ್ಕದಲ್ಲೇ ಇನ್ನೊಂದು ದಾರಿ ನಡೆದಿತ್ತು. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಅನ್ನುವ ಸಂಘಟನೆ 2009ರಲ್ಲಿ ಸುಪ್ರೀಂ ಕೋರ್ಟಿಗೆ ಹೋಗಿತ್ತು. 2011ರ ಜುಲೈ 29ರಂದು ಕೋರ್ಟ್ ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿತು, ಮುಂದಿನ ತಿಂಗಳು ಚಿತ್ರದುರ್ಗ, ತುಮಕೂರಿನಲ್ಲೂ ನಿಲ್ಲಿಸಿತು. ಅಕ್ರಮ ಎಷ್ಟು ಅನ್ನುವುದನ್ನು ನೋಡಿ ಗಣಿಗಳನ್ನು ಎ, ಬಿ, ಸಿ ಅಂತ ಮೂರು ಗುಂಪು ಮಾಡಿ, 2013ರ ಏಪ್ರಿಲ್‌ನಲ್ಲಿ ಅತಿ ಹೆಚ್ಚು ಅಕ್ರಮದ ಸಿ ಗುಂಪಿನ ಗುತ್ತಿಗೆಗಳನ್ನು ರದ್ದು ಮಾಡಿತು.

ಇಲ್ಲಿ ಒಂದು ವಿಷಯ ಗಮನಿಸಿ. ಈ ಸರಪಳಿಯಲ್ಲಿ ಒಬ್ಬನೇ ಹೀರೋ ಇಲ್ಲ. ಗಡಿಕಲ್ಲು ಕಿತ್ತು ತಮ್ಮ ಜಾಗದೊಳಗೆ ಬಂದರು ಅಂತ ದೂರು ಕೊಟ್ಟ ಬೇರೆ ಗಣಿ ಮಾಲೀಕರಿದ್ದರು. ಅವರು ಸಂತರಲ್ಲ, ತಮ್ಮ ಅದಿರು ಹೋಯಿತು ಅನ್ನುವ ಸಂಕಟಕ್ಕೆ ಬಂದವರು. ಅದರಿಂದೇನು? ಹೇಳಿದವನ ಹೊಟ್ಟೆಯಲ್ಲಿ ಕಿಚ್ಚಿದೆಯೋ ಕರುಣೆಯೋ ಅನ್ನುವುದು ಅವನ ಹೆಂಡತಿಗೆ ಬಿಟ್ಟದ್ದು. ನಾವು ಕೇಳಬೇಕಾದದ್ದು, ಅವನು ತೋರಿಸಿದ ಜಾಗದಲ್ಲಿ ಗಡಿಕಲ್ಲು ಇದೆಯೋ ಇಲ್ಲವೋ. ನಮ್ಮ ಆಫೀಸುಗಳಲ್ಲಿ ನಡೆಯುವುದು ಉಲ್ಟಾ. ದೂರು ಬಂದ ತಕ್ಷಣ ಮೊದಲ ಮಾತು "ಯಾವನಲೇ ಅವನು ಬರೆದಾವ?"

ಆ ಮಾತಿನ ಬೆಲೆ ಏನು ಅಂತ 2010ರಲ್ಲಿ ಇಡೀ ರಾಜ್ಯ ನೋಡಿತು. ಉತ್ತರ ಕನ್ನಡದ ಬೇಲೇಕೇರಿ ಬಂದರಿನಲ್ಲಿ ಅಕ್ರಮ ಅದಿರಿನ ರಾಶಿ ಸಿಕ್ಕಿತು. ಅದನ್ನು ಜಪ್ತಿ ಮಾಡಿದ್ದು ಕಾರವಾರದ ಅರಣ್ಯ ಅಧಿಕಾರಿ ಆರ್. ಗೋಕುಲ್. ಆಮೇಲೆ ಜಪ್ತಿಯಾದ ರಾಶಿಯಿಂದಲೇ ಲಕ್ಷಗಟ್ಟಲೆ ಟನ್ ಅದಿರು ಹಡಗು ಹತ್ತಿ ಹೋಯಿತು. ಶಿಕ್ಷೆ ಯಾರಿಗೆ ಬರಬೇಕಿತ್ತು? ಅಮಾನತು ಆದೇಶ ಬಂದದ್ದು ಹಿಡಿದ ಅಧಿಕಾರಿಗೆ. ಸಂತೋಷ್ ಹೆಗ್ಡೆ ಆ ಜೂನ್‌ನಲ್ಲಿ ರಾಜೀನಾಮೆ ಕೊಟ್ಟರು, ಸುದ್ದಿ ದೇಶದ ತುಂಬ ಆಯಿತು, ಜುಲೈ ಮೊದಲ ವಾರ ವಾಪಸ್ ಪಡೆದರು. ಒಬ್ಬ ಲೋಕಾಯುಕ್ತರು ಕುರ್ಚಿಯನ್ನೇ ಪಣಕ್ಕಿಟ್ಟಾಗ ಗೋಕುಲ್ ಹೆಸರು ನಮಗೆ ಗೊತ್ತಾಯಿತು. ಪಣಕ್ಕಿಡುವವರು ಯಾರೂ ಇಲ್ಲದ ಗುಮಾಸ್ತರು, ಗಾರ್ಡುಗಳು, ಆಪರೇಟರುಗಳ ಹೆಸರು ಗೊತ್ತಾಗುವುದಿಲ್ಲ. ಅಕ್ಕನ ಭಯ ಇರುವುದು ಅಲ್ಲೇ.

ಹಾಗಾದರೆ ಕಾನೂನು ಏನು ಮಾಡುತ್ತಿದೆ? ಇದಕ್ಕೂ ಒಂದು ಸಾವಿನ ಕಥೆ ಇದೆ. ಸತ್ಯೇಂದ್ರ ದುಬೆ ಅಂತ ಹೆದ್ದಾರಿ ಪ್ರಾಧಿಕಾರದ ಎಂಜಿನಿಯರ್. ಬಿಹಾರದಲ್ಲಿ ಸುವರ್ಣ ಚತುಷ್ಪಥ ರಸ್ತೆಯ ಕೆಲಸದಲ್ಲಿ ನಡೆಯುತ್ತಿದ್ದ ಕಳ್ಳತನದ ಬಗ್ಗೆ 2002ರಲ್ಲಿ ಪ್ರಧಾನಿ ಕಚೇರಿಗೆ ಪತ್ರ ಬರೆದರು. ನನ್ನ ಹೆಸರು ಗುಟ್ಟಾಗಿಡಿ ಅಂತ ಕೇಳಿಕೊಂಡಿದ್ದರು. ಪತ್ರ ಹೆಸರಿನ ಸಮೇತ ಆಫೀಸಿಂದ ಆಫೀಸಿಗೆ ಓಡಾಡಿತು. 2003ರ ನವೆಂಬರ್ 27ರಂದು ಗಯಾದಲ್ಲಿ ಅವರ ಕೊಲೆಯಾಯಿತು. ಸಿಬಿಐ ಅದನ್ನು ದರೋಡೆಗಾಗಿ ಆದ ಕೊಲೆ ಅಂದಿತು, ಮೂವರಿಗೆ ಶಿಕ್ಷೆಯೂ ಆಯಿತು. ಅದು ಏನೇ ಇರಲಿ, ಗುಟ್ಟು ಕಾಯಬೇಕಾದವರು ಕಾಯಲಿಲ್ಲ ಅನ್ನುವುದಂತೂ ಉಳಿಯಿತು. ಎರಡು ವರ್ಷ ಬಿಟ್ಟು ನಮ್ಮ ಕೆಜಿಎಫ್‌ನಲ್ಲಿ ಬೆಳೆದ ಹುಡುಗ, ಇಂಡಿಯನ್ ಆಯಿಲ್ ಅಧಿಕಾರಿ ಮಂಜುನಾಥ್ ಷಣ್ಮುಗಂ, ಉತ್ತರ ಪ್ರದೇಶದಲ್ಲಿ ಕಲಬೆರಕೆ ಪೆಟ್ರೋಲ್ ಬಂಕ್ ಮೇಲೆ ಕ್ರಮ ತಗೊಂಡಿದ್ದಕ್ಕೆ ಗುಂಡೇಟಿಗೆ ಬಲಿಯಾದ. ಇಪ್ಪತ್ತೇಳು ವರ್ಷ ಅವನಿಗೆ.

ದುಬೆ ಸಾವಿನ ಗದ್ದಲ ಆದ ಮೇಲೆ, 2004ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಒಂದು ನಿರ್ಣಯ ಹೊರಡಿಸಿತು. ಸಾರ್ವಜನಿಕ ಹಿತಕ್ಕಾಗಿ ಮಾಹಿತಿ ಕೊಡುವವರ ರಕ್ಷಣೆಗೆ ಅಂತ ಆದದ್ದು, ಚಿಕ್ಕದಾಗಿ ಅದಕ್ಕೆ ಪಿಡ್ಪಿ (PIDPI) ಅನ್ನುತ್ತಾರೆ. ದೂರನ್ನು ಮುಚ್ಚಿದ ಲಕೋಟೆಯಲ್ಲಿ ಹಾಕಿ, ಮೇಲೆ ಪಿಡ್ಪಿ ಅಂತ ಬರೆದು, ಕೇಂದ್ರ ಜಾಗೃತ ಆಯೋಗಕ್ಕೆ ಕಳಿಸಬೇಕು. ಲಕೋಟೆ ಮೇಲೆ ನಿಮ್ಮ ಹೆಸರು ಬರೆಯಬಾರದು, ಒಳಗಿನ ಪತ್ರದಲ್ಲಿ ಬರೆಯಬೇಕು. ಆಯೋಗ ಆ ಹೆಸರನ್ನು ಗುಟ್ಟಾಗಿಟ್ಟು ವಿಷಯವನ್ನಷ್ಟೇ ಮುಂದಕ್ಕೆ ಕಳಿಸುತ್ತದೆ. ಒಳ್ಳೆಯ ಏರ್ಪಾಡು, ಆದರೆ ಇದು ಕೇಂದ್ರ ಸರ್ಕಾರ ಮತ್ತು ಅದರ ಕಂಪನಿಗಳಿಗೆ ಮಾತ್ರ. ಅಂದರೆ ಸಂಡೂರಿನ ದೋಣಿಮಲೈ ಗಣಿ ಎನ್‌ಎಂಡಿಸಿಯದು, ಕೇಂದ್ರದ್ದು, ಅಲ್ಲಿಯವರು ಈ ಲಕೋಟೆ ಕಳಿಸಬಹುದು. ರಾಯಚೂರು ಜಿಲ್ಲೆಯ ಹಟ್ಟಿ ಚಿನ್ನದ ಗಣಿ ರಾಜ್ಯದ್ದು, ಅಲ್ಲಿಯವರಿಗೆ ಈ ದಾರಿ ಇಲ್ಲ. ಶಕ್ತಿನಗರದ ಥರ್ಮಲ್‌ನವರಿಗೂ ಇಲ್ಲ, ನಮ್ಮ ಹುಡುಗನ ಪಂಚಾಯಿತಿಗೂ ಇಲ್ಲ.

ಎಲ್ಲರಿಗೂ ಆಗುವ ಕಾನೂನು ಬೇಕು ಅಂತ ಸಂಸತ್ತು ವಿಷಲ್ ಬ್ಲೋವರ್ ರಕ್ಷಣಾ ಕಾಯ್ದೆ ಮಾಡಿತು. 2014ರ ಮೇ 9ರಂದು ರಾಷ್ಟ್ರಪತಿ ಸಹಿಯೂ ಬಿತ್ತು. ಅದರಲ್ಲಿ ಕೆಲವು ಒಳ್ಳೆಯ ಮಾತಿವೆ. ದೂರು ಕೊಟ್ಟವನ ಹೆಸರು ಬಯಲು ಮಾಡಿದವರಿಗೆ ಮೂರು ವರ್ಷದ ತನಕ ಜೈಲು, 50,000 ರೂಪಾಯಿ ತನಕ ದಂಡ. ದೂರಿಗಾಗಿ ಕಿರುಕುಳ ಕೊಟ್ಟರೆ ಅವನನ್ನು ಮೊದಲಿದ್ದ ಜಾಗಕ್ಕೇ ತಂದು ಕೂರಿಸಲು ಆದೇಶ ಮಾಡಬಹುದು. ತೂತುಗಳೂ ಇವೆ. ಕಿರುಕುಳ ಅಂದರೆ ಏನು ಅನ್ನುವುದನ್ನೇ ಅದು ಬಿಡಿಸಿ ಹೇಳಿಲ್ಲ. ರಾಜ್ಯದ ಮಂತ್ರಿ ಮೇಲೆ ದೂರಿದ್ದರೆ ಅದನ್ನು ಕೊಡಬೇಕಾದದ್ದು ಮುಖ್ಯಮಂತ್ರಿಗೆ! ಬಳ್ಳಾರಿಯವರಿಗೆ ಇದರ ಮಜಾ ಬಿಡಿಸಿ ಹೇಳಬೇಕಾಗಿಲ್ಲ. ಏಳು ವರ್ಷಕ್ಕಿಂತ ಹಳೆಯ ವಿಷಯ ತೆಗೆದುಕೊಳ್ಳುವುದಿಲ್ಲ, ಮೂಗರ್ಜಿ ತೆಗೆದುಕೊಳ್ಳುವುದಿಲ್ಲ. ಇದೆಲ್ಲ ಒಂದು ಕಡೆ ಇರಲಿ. ದೊಡ್ಡ ತಮಾಷೆ ಅಂದರೆ ಈ ಕಾಯ್ದೆ ಜಾರಿಗೇ ಬಂದಿಲ್ಲ. ಇಂಥ ದಿನದಿಂದ ಜಾರಿ ಅಂತ ಸರ್ಕಾರ ಒಂದು ಅಧಿಸೂಚನೆ ಹೊರಡಿಸಬೇಕು, ಅದನ್ನು ಹೊರಡಿಸಿಯೇ ಇಲ್ಲ. 2015ರಲ್ಲಿ ಇದನ್ನು ಇನ್ನಷ್ಟು ತೆಳ್ಳಗೆ ಮಾಡುವ ತಿದ್ದುಪಡಿಯೊಂದು ಲೋಕಸಭೆ ದಾಟಿತು, ರಾಜ್ಯಸಭೆಯಲ್ಲಿ ನಿಂತುಹೋಯಿತು. ಹತ್ತು ವರ್ಷ ದಾಟಿದರೂ ಛತ್ರಿ ಅಂಗಡಿಯಲ್ಲೇ ಇದೆ, ಮಳೆ ಮಾತ್ರ ನಿಂತಿಲ್ಲ.

ಮಳೆ ಎಂಥದ್ದು ಅನ್ನುವುದಕ್ಕೆ ದೂರ ಹೋಗಬೇಕಿಲ್ಲ. 2024ರ ಮೇ ತಿಂಗಳಲ್ಲಿ ವಾಲ್ಮೀಕಿ ಅಭಿವೃದ್ಧಿ ನಿಗಮದ ಹಣ ಬೇರೆ ಖಾತೆಗಳಿಗೆ ಹೋದದ್ದು ಬಯಲಾಯಿತಲ್ಲ, ಅದು ಬಯಲಾದದ್ದು ಆಡಿಟ್‌ನಿಂದಲ್ಲ. ನಿಗಮದ ಲೆಕ್ಕ ವಿಭಾಗದ ನೌಕರರೊಬ್ಬರು ಜೀವ ಕಳೆದುಕೊಳ್ಳುವ ಮುಂಚೆ ಬರೆದಿಟ್ಟ ಪತ್ರದಿಂದ. ನಿಗಮದ ಖಾತೆಯಿಂದ ಹೊರಟ ಮೊತ್ತ 187 ಕೋಟಿ, ಅದರಲ್ಲಿ ಸುಮಾರು 89 ಕೋಟಿ ದಾರಿ ತಪ್ಪಿದೆ ಅನ್ನುವುದನ್ನು ಸರ್ಕಾರವೂ ಒಪ್ಪಿತು. ಪರಿಶಿಷ್ಟ ಪಂಗಡದವರ ದುಡ್ಡು ಅದು. ನಮ್ಮ ಜಿಲ್ಲೆಯಲ್ಲಿ ಅದಕ್ಕೆ ಕಾಯುವ ಮನೆಗಳು ಎಷ್ಟು ಅಂತ ನಿಮಗೇ ಗೊತ್ತು. ಆಗ ಪರಿಶಿಷ್ಟ ಪಂಗಡಗಳ ಕಲ್ಯಾಣ ಸಚಿವರಾಗಿದ್ದವರು ಬಳ್ಳಾರಿ ಗ್ರಾಮೀಣದ ಶಾಸಕ ಬಿ. ನಾಗೇಂದ್ರ. ಆರೋಪ ಅಲ್ಲಗಳೆದರು, ಜೂನ್ 6ರಂದು ರಾಜೀನಾಮೆ ಕೊಟ್ಟರು. ಯಾರು ತಪ್ಪಿತಸ್ಥರು ಅನ್ನುವುದು ಕೋರ್ಟಿಗೆ ಬಿಟ್ಟದ್ದು. ನನಗೆ ಕಾಡುವುದು ಬೇರೆ. ಆ ಲೆಕ್ಕದ ಮನುಷ್ಯ ಬದುಕಿದ್ದಾಗ ಧೈರ್ಯವಾಗಿ ಹೋಗಿ ಹೇಳಬಹುದಾದ ಒಂದು ಬಾಗಿಲು ಇದ್ದಿದ್ದರೆ?

ಈಗ ಹುಡುಗನ ವಿಷಯಕ್ಕೆ ಬರೋಣ. ಅವನಿಗೆ ನಾನು ಮೊದಲು ಹೇಳಿದ್ದು, ವಾಟ್ಸಾಪ್ ಗ್ರೂಪಿಗೆ ಏನೂ ಹಾಕಬೇಡ. ಎರಡನೆಯದು, ಮೂಲ ಕಾಗದ ಎತ್ತಿಕೊಂಡು ಬರಬೇಡ, ಅದು ಕಳವು ಅನ್ನಿಸಿಕೊಳ್ಳುತ್ತದೆ, ಚರಂಡಿ ಮರೆತು ಎಲ್ಲರೂ ನಿನ್ನ ಹಿಂದೆ ಬೀಳುತ್ತಾರೆ. ಕಾಮಗಾರಿ ಹೆಸರು, ಬಿಲ್ ನಂಬರ್, ತಾರೀಕು, ಎಂಬಿ ಪುಸ್ತಕದ ಪುಟ ಇಷ್ಟು ತಲೆಯಲ್ಲಿದ್ದರೆ ಸಾಕು. ಯಾಕೆಂದರೆ ಮಾಹಿತಿ ಹಕ್ಕು ಅನ್ನುವುದು ಇಲ್ಲಿ ಕೆಲಸಕ್ಕೆ ಬರುತ್ತದೆ. 2005ರಿಂದ ಇರುವ ಕಾಯ್ದೆ, 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ ಕೊಡಬೇಕು, ಕೊಡದಿದ್ದರೆ ಮೇಲ್ಮನವಿ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಹೊರಗಿನವರು ಆರ್‌ಟಿಐ ಹಾಕಿ ಸೋಲುವುದು ಯಾವ ಕಾಗದ ಕೇಳಬೇಕು ಅನ್ನುವುದು ಗೊತ್ತಿಲ್ಲದೆ. "ಎಲ್ಲ ಕಾಮಗಾರಿ ಮಾಹಿತಿ ಕೊಡಿ" ಅಂದರೆ ಏನೂ ಕೊಡುವುದಿಲ್ಲ. ಇಂಥ ತಾರೀಕಿನ, ಇಂಥ ಎರಡು ಬಿಲ್ಲಿನ, ಎಂಬಿಯ ಇಂಥ ಪುಟದ ನಕಲು ಕೊಡಿ ಅಂದರೆ ತಪ್ಪಿಸಿಕೊಳ್ಳಲು ಜಾಗ ಇರುವುದಿಲ್ಲ. ಕಾಗದ ಮುಂಬಾಗಿಲಿನಿಂದಲೇ, ಸೀಲು ಹಾಕಿಸಿಕೊಂಡು ಹೊರಗೆ ಬರುತ್ತದೆ. ಓಣಿಯವನೊಬ್ಬ ಕೇಳಿದರೂ ಆಯಿತು.

ಆರ್‌ಟಿಐ ಹಾಕಿದವರೆಲ್ಲ ಸಾಚಾ ಅಂತ ನಾನು ಹೇಳುತ್ತಿಲ್ಲ. ಅರ್ಜಿ ಹಾಕಿ, ಸಂಜೆ ಗುತ್ತಿಗೆದಾರನಿಗೆ ಫೋನ್ ಮಾಡಿ, ರಾತ್ರಿ ಡಾಬಾದಲ್ಲಿ ವ್ಯವಹಾರ ಮುಗಿಸುವ ಮಹಾನುಭಾವರು ಪ್ರತಿ ತಾಲೂಕಿನಲ್ಲೂ ಇದ್ದಾರೆ. ಅವರಿಂದಾಗಿಯೇ ನಿಜವಾಗಿ ಕೇಳುವವರನ್ನೂ ಜನ ಅದೇ ಕಣ್ಣಲ್ಲಿ ನೋಡುತ್ತಾರೆ.

ಮುಂದಿನ ಮೆಟ್ಟಿಲು ಲೋಕಾಯುಕ್ತ. 1984ರ ಕಾಯ್ದೆಯ ಪ್ರಕಾರ ದೂರಿಗೆ ಒಂದು ನಮೂನೆ ಇದೆ, ಜೊತೆಗೆ ಅಫಿಡವಿಟ್ ಬೇಕು. ಭ್ರಷ್ಟಾಚಾರದ ಆರೋಪವಾದರೆ ಐದು ವರ್ಷದೊಳಗೆ ಕೊಡಬೇಕು. ಲಂಚ ಕೊಡುವಂತೆ ಯಾರಾದರೂ ಬಲವಂತ ಮಾಡಿದ್ದರೆ, ಕೊಟ್ಟ ಏಳು ದಿನದೊಳಗೆ ಪೊಲೀಸರಿಗೆ ತಿಳಿಸಿದರೆ ಕೊಟ್ಟವನ ಮೇಲೆ ಕೇಸ್ ಆಗುವುದಿಲ್ಲ. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ಆದ ತಿದ್ದುಪಡಿ ಅದು, ಬಹಳ ಜನಕ್ಕೆ ಗೊತ್ತಿಲ್ಲ. ಅಫಿಡವಿಟ್ ಅಂದರೆ ಹೆಸರು, ಅಪ್ಪನ ಹೆಸರು, ಊರು, ಸಹಿ. ಮೂಗರ್ಜಿ ಆದರೆ ಕಸದ ಬುಟ್ಟಿ, ಹೆಸರು ಬರೆದರೆ ಊರಿಗೆಲ್ಲ ಸುದ್ದಿ.

ಹುಡುಗ ಇಲ್ಲಿ ಒಂದು ಮಾತು ಕೇಳಿದ. "ಮಾವ, ನಾ ಕಾಯಂ ಅಲ್ಲ." ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಕಾಯಂ ನೌಕರನನ್ನು ಓಡಿಸಬೇಕಾದರೆ ಅಮಾನತು ಆದೇಶ ಬೇಕು, ನೋಟಿಸ್ ಬೇಕು, ಅವನು ಸರ್ಕಾರಿ ನೌಕರರ ತಕರಾರು ಕೇಳುವ ಕೆಎಟಿ ನ್ಯಾಯಮಂಡಳಿಗೆ ಹೋಗಬಹುದು. ಗುತ್ತಿಗೆ ನೌಕರನಿಗೆ ಏನೂ ಬೇಕಿಲ್ಲ. "ನಾಳಿಂದ ಬರಬ್ಯಾಡ" ಅಂದರೆ ಮುಗಿಯಿತು. ಸೇಡು ತೀರಿಸಿಕೊಂಡದ್ದಕ್ಕೆ ಒಂದು ಚೀಟಿಯೂ ಸಿಗುವುದಿಲ್ಲ. ಈಗ ಆಫೀಸುಗಳಲ್ಲಿ ಕಂಪ್ಯೂಟರ್ ಮುಂದೆ ಕೂತು ಬಿಲ್ಲು ಹತ್ತಿಸುವವರಲ್ಲಿ ಎಷ್ಟೋ ಜನ ಇಂಥವರೇ. ಕಳ್ಳತನ ಮೊದಲು ಕಾಣುವುದು ಅವರಿಗೆ, ರಕ್ಷಣೆ ಕಡಿಮೆ ಇರುವುದೂ ಅವರಿಗೇ.

ಇನ್ನೊಂದು ಬೆಲೆಯನ್ನೂ ಹೇಳದೆ ಬಿಟ್ಟರೆ ನಾನು ಬಳ್ಳಾರಿಯವನೇ ಅಲ್ಲ. ಗಣಿ ನಿಂತಾಗ ನಿಜವಾದ ಏಟು ತಿಂದವರು ಯಾರು? ಚಿಕ್ಕಪ್ಪನ ಮಗ ಸಾಲ ಮಾಡಿ ಲಾರಿ ತಂದಿದ್ದ, ಫೈನಾನ್ಸ್‌ನವರು ಬಂದು ಎಳೆದುಕೊಂಡು ಹೋದರು. ಪಂಕ್ಚರ್ ಅಂಗಡಿ, ಟೀ ಹೋಟೆಲ್, ಕ್ಲೀನರ್ ಹುಡುಗರು, ಎಲ್ಲರೂ ಒಂದೇ ವಾರದಲ್ಲಿ ಖಾಲಿ ಕೈ. "ಕಂಪ್ಲೇಂಟ್ ಕೊಟ್ಟೋರು ನಮ್ಮ ಹೊಟ್ಟಿ ಮ್ಯಾಲ ಹೊಡೆದ್ರು" ಅಂತ ಅವನು ಈಗಲೂ ಅನ್ನುತ್ತಾನೆ. ಅವನ ಸಿಟ್ಟು ನನಗೆ ಅರ್ಥ ಆಗುತ್ತದೆ, ಆದರೆ ಒಪ್ಪುವುದಿಲ್ಲ. ಹೊಡೆದದ್ದು ಹೇಳಿದವರಲ್ಲ, ಹತ್ತು ವರ್ಷದಲ್ಲಿ ತೆಗೆಯಬೇಕಾದದ್ದನ್ನು ಎರಡು ವರ್ಷದಲ್ಲಿ ಬಗೆದವರು. ದೊಡ್ಡವರ ಕೇಸುಗಳೋ, ನಡೆಯುತ್ತಲೇ ಇವೆ. ಓಬಳಾಪುರಂ ಗಣಿ ಕೇಸ್ ದಾಖಲಾದದ್ದು 2009ರಲ್ಲಿ, ಗಾಲಿ ಜನಾರ್ದನ ರೆಡ್ಡಿ ಬಂಧನ 2011ರಲ್ಲಿ, ಹೈದರಾಬಾದಿನ ಸಿಬಿಐ ಕೋರ್ಟ್ ಏಳು ವರ್ಷ ಶಿಕ್ಷೆ ಕೊಟ್ಟದ್ದು 2025ರ ಮೇ 6ರಂದು. ಆ ಶಿಕ್ಷೆಯನ್ನು ಹೈಕೋರ್ಟ್ ಅಮಾನತಿನಲ್ಲಿಟ್ಟಿತು. ಹೇಳಿದವನು ಇಷ್ಟು ವರ್ಷ ಅದೇ ಊರಲ್ಲಿ, ಅದೇ ಓಣಿಯಲ್ಲಿ ಬದುಕಬೇಕು.

ಆದರೂ ಹೇಳಿದ್ದರಿಂದ ಏನೂ ಆಗಲಿಲ್ಲ ಅನ್ನುವುದು ಸುಳ್ಳು. ಅಂದು ಕೋರ್ಟ್ ವಸೂಲಿ ಮಾಡಿಸಿದ ಹಣ ಸಾವಿರಾರು ಕೋಟಿಯಾಗಿ ಬೆಳೆದು, ಈಗ ಗಣಿಯಿಂದ ಹಾಳಾದ ಜಾಗಗಳ ಪುನಶ್ಚೇತನಕ್ಕೆ ಅಂತ ಕೆಎಂಇಆರ್‌ಸಿ ಅನ್ನುವ ನಿಗಮದ ಕೈಯಲ್ಲಿದೆ. ರಸ್ತೆ, ಆಸ್ಪತ್ರೆ, ಶಾಲೆ, ಕುಡಿಯುವ ನೀರು ಅಂತ ಯೋಜನೆಗಳಿವೆ. ಆ ಹಣಕ್ಕೂ ಬಿಲ್ಲು ಬರೆಯುತ್ತಾರೆ, ಎಂಬಿ ಪುಸ್ತಕ ತುಂಬುತ್ತಾರೆ. ಅದರ ಜಂತೆ ಎಣಿಸುವುದಕ್ಕೂ ಒಳಗೆ ಯಾರೋ ಕೂತಿರಬೇಕು.

ಮೊನ್ನೆ ಹುಡುಗ ಮತ್ತೆ ಫೋನ್ ಮಾಡಿದ್ದ. ಓಣಿಯ ಒಬ್ಬರು ಆರ್‌ಟಿಐ ಹಾಕಿದ್ದಾರಂತೆ, ಇಪ್ಪತ್ತೊಂದು ದಿನ ಆಗಿದೆಯಂತೆ. ಅವನೂ ಲೋಕಾಯುಕ್ತದ ನಮೂನೆ ಪ್ರಿಂಟ್ ತೆಗೆಸಿ, ಸ್ಟಾಂಪ್ ಪೇಪರ್ ತಂದು, ಅಮ್ಮನಿಗೆ ಕಾಣದ ಹಾಗೆ ಟ್ರಂಕಿನಲ್ಲಿಟ್ಟಿದ್ದಾನೆ. ಚರಂಡಿ, ಬಿಲ್ ನಂಬರ್, ತಾರೀಕು ಎಲ್ಲ ತುಂಬಿದ್ದಾನೆ. ಮೇಲಿನ ಒಂದು ಗೆರೆ ಮಾತ್ರ ಖಾಲಿ ಬಿಟ್ಟಿದ್ದಾನೆ. "ಅದನ್ನ ನೀನ ಬರೀತಿಯೇನು ಮಾವ? ಕಾಟಾ ಚೀಟಿ ಬರೆದ ಕೈ ಅಲ್ಲ?" ಅಂದು ನಕ್ಕ. ನಾನು ನಗಲಿಲ್ಲ. ಭಾನುವಾರ ಬರುತ್ತೇನೆ ಅಂದೆ.